ಡೆರೆಂಡಾರ್ಫಿನ ಸ್ಮಾರಕ ಮತ್ತು ನಾವು

ವಸಾಹತುಶಾಹಿ ಎಂದೊಡನೆ ಭಾರತೀಯರಾದ ನಮ್ಮ ಕಣ್ಣೆದುರು ನಿಲ್ಲುವವರು ಆಂಗ್ಲರು. ಆಫ್ರಿಕದಲ್ಲಿ ಜರ್ಮನಿಯೂ ಆಳಿತ್ತೆಂಬುದು ನಮ್ಮಲ್ಲಿ ಬಹುಮಂದಿಗೆ ಈ ದೇಶಕ್ಕೆ ಬಂದ ಮೇಲೆಯೇ ತಿಳಿದ ಸಂಗತಿ. ಡ್ಯೂಸೆಲ್ಡಾರ್ಫಿನ ಡೆರೆಂಡಾರ್ಫ್ ಬಡಾವಣೆಯ ಫ್ರಾಂಕೆನ್‌ಪ್ಲಾಟ್ಸ್ ಚೌಕದಲ್ಲಿ, ನೈಋತ್ಯ ಆಫ್ರಿಕದಲ್ಲಿ ಮಡಿದ ಜರ್ಮನ್ ಯೋಧರ ಸ್ಮಾರಕವಿದೆ. ಆ ಯೋಧರು ಯಾರ ಮೇಲೆ ಯುದ್ಧ ಹೂಡಿದ್ದರು?

1884-85ರ ಬರ್ಲಿನ್ ಸಮ್ಮೇಳನದಲ್ಲಿ ಯೂರೋಪಿನ ರಾಷ್ಟ್ರಗಳು ಆಫ್ರಿಕವನ್ನು ಹಂಚಿಕೊಳ್ಳುವ ನಿಯಮಗಳನ್ನು ಗೊತ್ತುಪಡಿಸಿದವು. ಆಫ್ರಿಕದ ಒಬ್ಬ ಪ್ರತಿನಿಧಿಯೂ ಅಲ್ಲಿರಲಿಲ್ಲ. ಇಂದಿನ ನಮೀಬಿಯ ಜರ್ಮನಿಯ ಪಾಲಾಗಿತ್ತು. ಭೂಮಿ, ಗೋವುಗಳನ್ನು ಕಳೆದುಕೊಂಡ ಹೆರೆರೊ ಜನರು 1904ರಲ್ಲಿ ಅಲ್ಲಿ ಬಂಡೆದ್ದರು. ಸೇನಾಪತಿ ಫಾನ್ ಟ್ರೋಥಾ ಅವರನ್ನು ನೀರಿಲ್ಲದ ಒಮಹೆಕೆ ಮರುಭೂಮಿಗೆ ಅಟ್ಟಿ, ಅಕ್ಟೋಬರ್ 2ರಂದು ನಿರ್ಮೂಲನದ ಆಜ್ಞೆ ಹೊರಡಿಸಿದನು. 1908ರೊಳಗೆ ಹೆರೆರೊ ಮತ್ತು ನಾಮಾ ಜನರು ಹತ್ತಾರು ಸಹಸ್ರ ಸಂಖ್ಯೆಯಲ್ಲಿ ಅಳಿದರು.

ಇದು ನಮಗೆ ಸಂಬಂಧಿಸದ ಕಥೆಯಲ್ಲ. ಆ ಯುದ್ಧದಲ್ಲಿದ್ದ ಲೆಟ್ಟೊ-ಫೋರ್ಬೆಕ್ ಎಂಬ ಅಧಿಕಾರಿಯೇ 1914ರ ನವೆಂಬರಿನಲ್ಲಿ ಪೂರ್ವ ಆಫ್ರಿಕದ ಟಾಂಗಾದಲ್ಲಿ, ಬ್ರಿಟಿಷರು ಮುಂಬಯಿಯಿಂದ ಕಳುಹಿಸಿದ ಭಾರತೀಯ ಪಡೆಯನ್ನು ಸೋಲಿಸಿದನು. ಒಬ್ಬ ಒಡೆಯನ ವಸಾಹತನ್ನು ಇನ್ನೊಬ್ಬ ಒಡೆಯನಿಗೆ ಗೆದ್ದುಕೊಡಲು ಹೋಗಿ ನಮ್ಮವರು ಪ್ರಾಣ ತೆತ್ತರು. ಮಹಾಯುದ್ಧದ ಬಳಿಕ ನಮೀಬಿಯ ದಕ್ಷಿಣ ಆಫ್ರಿಕದ ಕೈಸೇರಿತು. ಆ ದೇಶದಲ್ಲಿ ಭಾರತೀಯರು ಅನುಭವಿಸುತ್ತಿದ್ದ ವರ್ಣತಾರತಮ್ಯವನ್ನು 1946ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟದ್ದು ಭಾರತ. 1990ರಲ್ಲಿ ನಮೀಬಿಯ ಸ್ವತಂತ್ರವಾದಾಗ ಅಲ್ಲಿ ಕಾವಲಿದ್ದ ವಿಶ್ವಸಂಸ್ಥೆಯ ಸೇನೆಯ ದಂಡನಾಯಕರು ಭಾರತದ ದಿವಾನ್ ಪ್ರೇಮ್ ಚಂದ್.

2021ರಲ್ಲಿ ಜರ್ಮನಿ ಈ ಹತ್ಯಾಕಾಂಡವನ್ನು ಜನಾಂಗಹತ್ಯೆಯೆಂದು ಒಪ್ಪಿ, 30 ವರ್ಷಗಳಲ್ಲಿ 110 ಕೋಟಿ ಯೂರೋ ನೀಡುವುದಾಗಿ ಸಾರಿತು. ಆದರೆ ‘ಇಂದಿನ ದೃಷ್ಟಿಯಿಂದ’ ಎಂಬ ಮಾತನ್ನು ಸೇರಿಸಿತು. ಕಾನೂನಿನ ಅರ್ಥದ ಪರಿಹಾರವೆಂದು ಆ ಹಣವನ್ನು ಕರೆಯಲಿಲ್ಲ. ಹಾಗೆ ಕರೆದಿದ್ದರೆ ಇತರ ಸಾಮ್ರಾಜ್ಯಗಳ ಹಳೆಯ ಲೆಕ್ಕಗಳನ್ನೂ ತೆರೆಯಬೇಕಾಗುತ್ತಿತ್ತು. ಜಲಿಯನ್‌ವಾಲಾ ಬಾಗಿನ ಶತಮಾನದ ನೆನಪಿನಲ್ಲಿ, 2019ರಲ್ಲಿ, ಬ್ರಿಟನ್ನಿನ ಪ್ರಧಾನಿ ವಿಷಾದ ಸೂಚಿಸಿದರೇ ಹೊರತು ಕ್ಷಮೆ ಕೇಳಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಸಮ್ಮೇಳನಕ್ಕೆ ಬಂದಿರುವ ಕನ್ನಡ ಬಾಂಧವರಲ್ಲಿ ನನ್ನದೊಂದು ಬಿನ್ನಹ. ಇಲ್ಲಿನ ಶಾಲೆಗಳಲ್ಲಿ ನಮ್ಮ ಮಕ್ಕಳು ಆಫ್ರಿಕದ ಮಕ್ಕಳೊಡನೆ ಕುಳಿತು ಕಲಿಯುತ್ತಾರೆ. ಆದರೂ ನಮ್ಮ ಊಟದ ಮೇಜಿನ ಸುತ್ತ ಅವರ ಮೈಬಣ್ಣದ ಬಗೆಗೆ ಹಗುರ ಮಾತುಗಳು ನುಸುಳುವುದುಂಟು. ಅನ್ಯರು ನಮ್ಮನ್ನು ಕೀಳಾಗಿ ಕಂಡದ್ದನ್ನು ಮರೆಯದ ನಾವು, ಅದೇ ತಕ್ಕಡಿಯಲ್ಲಿ ಇನ್ನೊಬ್ಬರನ್ನು ತೂಗುವುದು ಯಾವ ನ್ಯಾಯ? ಸಂಸ್ಕೃತಿಯ ರಕ್ಷಣೆ ಆ ಮೇಜಿನಿಂದಲೇ ಆರಂಭವಾಗಲಿ.