ಎರಡು ಮೊಳದ ಲೆಕ್ಕ

ಬೈಲಹೊಂಗಲ, ಸವದತ್ತಿ ಕಡೆಯ ಎರೆಹೊಲಗಳಲ್ಲಿ ಸೋಯಾ ಒಕ್ಕುವಾಗ ಒಮ್ಮೆ, ಕಡಲೆ, ಬಿಳಿಜೋಳದ ಸುಗ್ಗಿಯಲ್ಲಿ ಇನ್ನೊಮ್ಮೆ ರಾಶಿ ಯಂತ್ರದ ಸದ್ದು ಕೇಳಿಬರುತ್ತದೆ. ರಾಮದುರ್ಗದ ಕಡೆ ಜೋಳ, ಗೋವಿನಜೋಳ. ಕಿತ್ತೂರಿನ ಮಗ್ಗುಲಲ್ಲಿ ಭತ್ತ. ಬೆಳೆಗೆ ತಕ್ಕಂತೆ ಯಂತ್ರ ಸ್ವಲ್ಪ ಬೇರೆಯಾದರೂ ಅದರ ಸ್ವಭಾವ ಒಂದೇ. ಈ ಸದ್ದಿನ ಬೆನ್ನಿಗೇ ಕೆಲವೊಮ್ಮೆ, ‘ಮಷೀನಿಗೆ ಕೈ ಸಿಕ್ತಂತ’ ಎಂಬ ಸುದ್ದಿಯೂ ಬರುತ್ತದೆ. ಕೇಳಿದವರು ‘ಅವನ ಹಣೇಬರ’ ಎನ್ನುತ್ತಾರೆ. ಇಲ್ಲವೇ ‘ಲಕ್ಷ್ಯ ಇಟ್ಟು ಮಾಡಬೇಕಿತ್ತು’ ಎನ್ನುತ್ತಾರೆ. ಯಂತ್ರದ ಬಾಯಿ ಹೇಗಿತ್ತು ಎಂದು ಕೇಳುವವರು ಕಡಿಮೆ.

ಹಿಂದೆ ಕಣದ ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದರು. ನಿದ್ದೆ ಬಾರದಿರಲೆಂದು ರಾತ್ರಿ ಹಂತಿ ಪದ ಹಾಡುತ್ತಿದ್ದರು. ತೂಕಡಿಸಿದವನು ಎಡವಿದರೆ ಎತ್ತು ತಾನಾಗಿ ನಿಲ್ಲುತ್ತಿತ್ತು. ಯಂತ್ರಕ್ಕೆ ಬಾಯಿ ಇದೆ, ಕಣ್ಣಿಲ್ಲ. ಟ್ರ್ಯಾಕ್ಟರಿನ ಹಿಂಬದಿಯಿಂದ ಅದಕ್ಕೆ ಶಕ್ತಿ ಕೊಡುವ ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಸೆರಗಿನ ತುದಿಯೋ ಕೊರಳ ಟವೆಲ್ಲೋ ಅದಕ್ಕೆ ಸಿಕ್ಕರೆ ‘ಅಯ್ಯೋ’ ಎನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಕೈ ಸಿಕ್ಕುವುದು ಹೆಚ್ಚಾಗಿ ಹೇಗೆ? ಬೆಳೆ ಹಸಿಯಿದ್ದರೆ ಡ್ರಮ್ಮಿನ ಬಾಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಕೈಯಿಂದಲೇ ಒಳಗೆ ನೂಕುತ್ತಾರೆ. ಬಾಡಿಗೆ ಚೀಲದ ಲೆಕ್ಕದಲ್ಲಿದ್ದರೆ ಯಂತ್ರ ನಿಲ್ಲಿಸುವುದೆಂದರೆ ಯಂತ್ರದವನಿಗೆ ನಷ್ಟ. ಮುಂದಿನ ಹೊಲದವನೂ ಕಾಯುತ್ತಿರುತ್ತಾನೆ. ಹೊತ್ತು ಮುಳುಗಿದೆ, ಧೂಳು ಕಣ್ಣಿಗೆ ಹೊಡೆಯುತ್ತಿದೆ, ಬೆಳಗಿನಿಂದ ನಿಂತ ಕಾಲು ಸೋತಿದೆ. ಎಂಥ ಜಾಣನ ಲಕ್ಷ್ಯವೂ ಇಂಥ ಹೊತ್ತಿನಲ್ಲಿ ಒಂದು ಕ್ಷಣ ತಪ್ಪುತ್ತದೆ. ಆ ಒಂದು ಕ್ಷಣಕ್ಕೆ ಕೈಯನ್ನೇ ದಂಡ ಕಟ್ಟುವಂತೆ ಯಂತ್ರ ಇರಬಾರದು.

ಇದನ್ನು ಸರ್ಕಾರ ಅರಿಯದೇ ಇಲ್ಲ. 1983ರಲ್ಲೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಒಕ್ಕುವ ಯಂತ್ರವನ್ನೂ ಅದರಲ್ಲಿ ಸೇರಿಸಿದರು. ಈ ಯಂತ್ರಗಳಿಗಾಗಿ ಐಎಸ್ 9020 ಎಂಬ ಮಾನಕವೂ ಇದೆ. ಬೆಳೆ ನೂಕುವ ತಗಡಿನ ತೊಟ್ಟಿ ಕಡಿಮೆಯೆಂದರೆ 90 ಸೆಂಟಿಮೀಟರ್ ಉದ್ದವಿರಬೇಕು, ಅದರಲ್ಲಿ ಡ್ರಮ್ಮಿನ ಕಡೆಯ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕು ಎಂಬುದು ಅದರ ಮುಖ್ಯ ಮಾತು.

ಇದನ್ನು ನೆನಪಿಡಲು ಪುಸ್ತಕ ಬೇಡ. 45 ಸೆಂಟಿಮೀಟರ್ ಎಂದರೆ ಸುಮಾರು ಒಂದು ಮೊಳ. 90 ಎಂದರೆ ಎರಡು ಮೊಳ. ಎರಡು ಮೊಳ ತೊಟ್ಟಿ, ಒಂದು ಮೊಳ ಮುಚ್ಚಳ. ಆಳಿನ ಕೈ ಭುಜದಿಂದ ಬೆರಳ ತುದಿಯವರೆಗೆ ಎರಡು ಮೊಳಕ್ಕಿಂತ ಗಿಡ್ಡ. ಆದ್ದರಿಂದ ತೊಟ್ಟಿಯ ಹೊರತುದಿಯಲ್ಲಿ ನಿಂತವನ ಕೈ, ಅವನು ತೂಕಡಿಸಿದರೂ, ಡ್ರಮ್ಮಿನ ಹಲ್ಲಿಗೆ ಮುಟ್ಟುವುದು ಕಷ್ಟ. ಮನುಷ್ಯನನ್ನು ತಿದ್ದುವ ಬದಲು ಅಳತೆಯನ್ನು ತಿದ್ದಿದ ಜಾಣತನ ಇದು. ಸಾಗಿಸಲು ಅಡ್ಡಿ ಎಂದು ತೊಟ್ಟಿ ಕತ್ತರಿಸಿದ, ಹೆಚ್ಚು ಬೆಳೆ ಹಿಡಿಯಲೆಂದು ಮುಚ್ಚಳ ಕಿತ್ತ ಯಂತ್ರ ಈ ಲೆಕ್ಕವನ್ನೇ ಕೆಡಿಸುತ್ತದೆ. ಅದನ್ನು ಮೊದಲಿನಂತೆ ಮಾಡಲು ಬೇಕಾದುದು ಒಂದಿಷ್ಟು ತಗಡು, ವೆಲ್ಡಿಂಗ್‌ನವನ ಕೆಲವು ತಾಸಿನ ಕೆಲಸ.

ಉಳಿದವು ಸಣ್ಣ ಮಾತುಗಳು. ತಿರುಗುವ ದಂಡಕ್ಕೆ, ಬೆಲ್ಟಿಗೆ ಕವಚ ಇರಲಿ. ನಿಲ್ಲುವ ಜಾಗ ಗಟ್ಟಿಯಾಗಿರಲಿ. ಚೀಲ ಪೇರಿಸಿ ಅದರ ಮೇಲೆ ನಿಲ್ಲುವುದು ಬೇಡ. ತೊಟ್ಟಿ ಮೊಣಕೈ ಎತ್ತರಕ್ಕಿದ್ದರೆ ಸೊಂಟ ಬಗ್ಗದು, ಮೈ ಮುಂದಕ್ಕೆ ವಾಲದು. ಸೆರಗು ಸೊಂಟಕ್ಕೆ ಬಿಗಿಯಾಗಲಿ, ಜಡೆ ತುರುಬಾಗಲಿ, ಕೈಗಡಗ ಮನೆಯಲ್ಲಿರಲಿ. ಬೆಳೆ ಸಿಕ್ಕಿದರೆ ಎಂಜಿನ್ ಬಂದ್ ಮಾಡಿ, ಡ್ರಮ್ ಪೂರ್ತಿ ನಿಂತ ಮೇಲೆಯೇ ಕೈ ಹಾಕಬೇಕು. ಬೆಳೆ ನೂಕುವವರು ಆಗಾಗ ಬದಲಾಗಲಿ. ಕುಡಿದವನು, ಹುಡುಗರು ಯಂತ್ರದ ಹತ್ತಿರ ಸುಳಿಯಬಾರದು.

ಇಷ್ಟಾದರೂ ಬೆರಳು ಹೋದರೆ ಅರಿಶಿನ, ಕಾಫಿಪುಡಿ ಮೆತ್ತುತ್ತ ಹೊತ್ತು ಕಳೆಯಬೇಡಿ. ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಬೆರಳಿಗೆ ಮಂಜು ನೇರವಾಗಿ ತಾಗಬಾರದು. 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯೋ ಬೆಳಗಾವಿಯೋ, ಬೆರಳು ಜೋಡಿಸುವ ವೈದ್ಯರಿರುವ ಕಡೆಗೆ ಬೇಗ ಮುಟ್ಟಿದಷ್ಟೂ ಆಸೆ ಹೆಚ್ಚು.

1923ರ ಕಾರ್ಮಿಕರ ಪರಿಹಾರ ಕಾಯ್ದೆ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ. 50 ನಷ್ಟ ಎಂದು ಲೆಕ್ಕ ಹಾಕಿತ್ತು. ಆ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿದೆ. ಪರಿಹಾರ ಕೂಲಿಯವರ ಹಕ್ಕು, ಯಾರೂ ಕೊಡುವ ಭಿಕ್ಷೆಯಲ್ಲ. ಆದರೆ ಬೆರಳಿಲ್ಲದ ಕೈಗೆ ಕುಡುಗೋಲು ಹಿಡಿಯಲು, ಮಗುವಿನ ಅಂಗಿಯ ಗುಂಡಿ ಹಾಕಲು ಯಾವ ಶೇಕಡಾ ಲೆಕ್ಕವೂ ನೆರವಾಗದು.

ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು ಕೈ ಉಳಿದೇ ಇರುತ್ತದೆಂದು ನಂಬಿದ್ದರು. ಈ ಸಲ ಯಂತ್ರ ಹೊಲಕ್ಕೆ ಬಂದಾಗ ಚೀಲಕ್ಕೆ ಎಷ್ಟು ಎಂದು ಕೇಳುವ ಮೊದಲು ತೊಟ್ಟಿಯ ಮೇಲೆ ನಿಮ್ಮ ಮೊಣಕೈ ಊರಿ ಎರಡು ಮೊಳ ಅಳೆಯಿರಿ. ಅಳತೆಗೆ ಕಡಿಮೆ ಬಿದ್ದರೆ ಆ ಯಂತ್ರವನ್ನು ತಿರುಗಿ ಕಳಿಸಿರಿ. ರಾಶಿ ಎರಡು ದಿನ ತಡವಾದರೂ ತಡೆಯಬಹುದು.