ವಾಚ್ ಮಾರುವ ದಿನವನ್ನು ನಿರ್ಧರಿಸುವವರು ಯಾರು?

ಕಳೆದ ಶುಕ್ರವಾರ ದೋಹಾದಲ್ಲಿ ಗೆಳೆಯರ ಮನೆಗೆ ಊಟಕ್ಕೆ ಹೋಗಿದ್ದೆವು. ಊಟವಾದ ಮೇಲೆ ಮಂಗಳೂರು ಕಡೆಯ ಕಿರಿಯ ಮಿತ್ರನೊಬ್ಬ ಮೊಬೈಲ್ ಹಿಡಿದು ಪಕ್ಕ ಬಂದು ಕೂತ. ಅದರಲ್ಲಿ ಸೆಕೆಂಡ್ ಹ್ಯಾಂಡ್ ರೋಲೆಕ್ಸ್ ಡೇಟೋನಾ ಚಿತ್ರ. ‘ಅಣ್ಣಾ, ಒಂದು ಲಕ್ಷ ರಿಯಾಲ್ ಹೇಳ್ತಿದ್ದಾರೆ. ಅರ್ಧ ಕೈಯಲ್ಲಿದೆ, ಇನ್ನರ್ಧ ಪರ್ಸನಲ್ ಲೋನ್. ಐದು ವರ್ಷ ಇಟ್ಟು ಮಾರಿದ್ರೆ ಡಬಲ್ ಆಗಲ್ವಾ?’

ಇದು ಅವನೊಬ್ಬನ ಪ್ರಶ್ನೆಯಲ್ಲ. ಆದಾಯ ತೆರಿಗೆ ಇಲ್ಲದ ಸಂಬಳ ಕೈಗೆ ಬರುವ ಊರಿನಲ್ಲಿ ಇಂಥ ಆಸೆ ಸಹಜ. ಡೇಟೋನಾ ಒಂದು ಕ್ರೊನೊಗ್ರಾಫ್. ಅಂದರೆ ಸಮಯ ತೋರಿಸುವುದರ ಜೊತೆಗೆ ಸ್ಟಾಪ್‌ವಾಚ್ ಕೆಲಸವನ್ನೂ ಮಾಡುವ ಕೈಗಡಿಯಾರ. ಸಂಗ್ರಹಕಾರರಿಗೆ ಇವುಗಳ ಮೇಲೆ ವಿಶೇಷ ಮೋಹ.

ಇಂಥ ಮಾತು ಬಂದಾಗ ಎಲ್ಲರೂ ಹೇಳುವುದು ಒಂದೇ ಉದಾಹರಣೆ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಡೇಟೋನಾ 2017ರಲ್ಲಿ ನ್ಯೂಯಾರ್ಕ್‌ನ ಫಿಲಿಪ್ಸ್ ಹರಾಜಿನಲ್ಲಿ 1.77 ಕೋಟಿ ಡಾಲರ್‌ಗೆ ಹೋಯಿತು. ಆದರೆ ಅಲ್ಲಿ ಬೆಲೆ ಬಂದದ್ದು ವಾಚಿಗಿಂತ ಹೆಚ್ಚಾಗಿ ಅದನ್ನು ಕಟ್ಟಿದ ಕೈಗೆ. ಅದರ ಬೆನ್ನ ಮೇಲೆ ಹೆಂಡತಿ ಕೆತ್ತಿಸಿಕೊಟ್ಟ ಮಾತಿತ್ತು. ನಮ್ಮ ಮಿತ್ರನ ವಾಚಿನ ಬೆನ್ನಿಗೆ ಇರುವುದು ಇಎಂಐ ಮಾತ್ರ!

ನಾನು ಅವನಿಗೆ ಹೇಳಿದ್ದು ಕತಾರಿನದೇ ಕಥೆ. ಪಾಟೆಕ್ ಫಿಲಿಪ್ ಕಂಪನಿ ಅಮೆರಿಕದ ಹೆನ್ರಿ ಗ್ರೇವ್ಸ್‌ಗಾಗಿ 1933ರಲ್ಲಿ ಮುಗಿಸಿಕೊಟ್ಟ ‘ಸೂಪರ್‌ಕಾಂಪ್ಲಿಕೇಶನ್’ ಗಡಿಯಾರದ್ದು. ಅದು ಕೈಗೆ ಕಟ್ಟುವುದಲ್ಲ, ಜೇಬು ಗಡಿಯಾರ. ಆದರೆ ಅದರ 24 ವಿಶೇಷತೆಗಳಲ್ಲಿ ಕ್ರೊನೊಗ್ರಾಫ್ ಕೂಡ ಒಂದು. 1999ರಲ್ಲಿ ಸೋದಬೀಸ್ ಹರಾಜಿನಲ್ಲಿ ಅದು ಸುಮಾರು 1.1 ಕೋಟಿ ಡಾಲರ್‌ಗೆ ಮಾರಾಟವಾಗಿ, ಕತಾರಿನ ಸಂಸ್ಕೃತಿ ಸಚಿವರಾಗಿದ್ದ ಶೇಖ್ ಸೌದ್ ಅಲ್ ಥಾನಿ ಅವರ ಸಂಗ್ರಹ ಸೇರಿತು. 2014ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಮತ್ತೆ ಹರಾಜಿಗೆ ಬಂದಾಗ ಸುಮಾರು 2.4 ಕೋಟಿ ಡಾಲರ್. ಹರಾಜು ಸಂಸ್ಥೆಗೆ ಶೇಖ್ ಕೊಡಬೇಕಿದ್ದ ಬಾಕಿಗಾಗಿ ಅದು ಮಾರಾಟಕ್ಕೆ ಬಂತೆಂದು ಆಗ ವರದಿಯಾಗಿತ್ತು. ಹರಾಜಿಗೆ ಎರಡು ದಿನ ಮುಂಚೆ ಅವರು ತೀರಿಕೊಂಡಿದ್ದರು.

ಈಗ ಲೆಕ್ಕ ನೋಡಿ. ಜಗತ್ತಿನ ಅತ್ಯಂತ ಹೆಸರಾದ ಗಡಿಯಾರ, 15 ವರ್ಷ, ದಾಖಲೆ ಬೆಲೆ. ಇಷ್ಟಾದರೂ ಬೆಲೆ ಏರಿದ್ದು ವರ್ಷಕ್ಕೆ ಸುಮಾರು ಶೇಕಡಾ 5ರಂತೆ. ಹರಾಜಿನ ಬೆಲೆಯಲ್ಲಿ ಕೊಂಡವರು ಕೊಡುವ ಕಮಿಷನ್ ಕೂಡ ಸೇರಿರುತ್ತದೆ, ಮಾರಿದವರಿಗೆ ಸಿಗುವುದು ಅದಕ್ಕಿಂತ ಕಡಿಮೆ. ವಿಮೆ, ಭದ್ರತೆಯ ಖರ್ಚು ಬೇರೆ. ಅದೇ 15 ವರ್ಷಗಳಲ್ಲಿ ನಮ್ಮ ಸೆನ್ಸೆಕ್ಸ್ ಸುಮಾರು 5,000ದಿಂದ 28,000ದ ಹತ್ತಿರಕ್ಕೆ ಬಂದಿತ್ತು. ರೂಪಾಯಿ ಕುಸಿತ ಕಳೆದರೂ ಡಾಲರ್ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು, ಡಿವಿಡೆಂಡ್ ಬಿಟ್ಟು!

ನನ್ನ ಮಾತು ಬೆಲೆ ಏರುತ್ತದೋ ಇಲ್ಲವೋ ಎಂಬುದರ ಬಗ್ಗೆ ಅಲ್ಲ. ಮಾರುವ ದಿನ ನಮ್ಮ ಕೈಯಲ್ಲಿ ಇರುತ್ತದೆಯೇ ಎಂಬುದು ಅಸಲಿ ಪ್ರಶ್ನೆ. ಶೇಖ್‌ಗೇ ಆ ಆಯ್ಕೆ ಉಳಿಯಲಿಲ್ಲ ಎಂದ ಮೇಲೆ ವೀಸಾ ಕೆಲಸಕ್ಕೆ ಅಂಟಿಕೊಂಡಿರುವ ನಮ್ಮ ಪಾಡೇನು? ಕೆಲಸ ಹೋದರೆ ದೇಶ ಬಿಡಬೇಕು, ಬಿಡುವ ಮುಂಚೆ ಸಾಲ ತೀರಿಸಬೇಕು. ಕತಾರ್ ಕಾರ್ಮಿಕ ಕಾನೂನಿನ ಪ್ರಕಾರ ಸಿಗುವ ಗ್ರಾಚುಟಿ ವರ್ಷಕ್ಕೆ ಕನಿಷ್ಠ ಮೂರು ವಾರಗಳ ಮೂಲವೇತನ. ಹತ್ತು ವರ್ಷ ದುಡಿದರೂ ಅದು ಸುಮಾರು ಏಳು ತಿಂಗಳ ಮೂಲವೇತನದಷ್ಟೇ. ಅದು ಸಾಲಕ್ಕೆ ಹೋದರೆ ಊರಿಗೆ ಒಯ್ಯುವುದೇನು?

ಇನ್ನೂ ಒಂದು ವಿಷಯ. ಕಂಪನಿಗಳು ಜನರನ್ನು ಮನೆಗೆ ಕಳಿಸುವ ಕಾಲದಲ್ಲಿ ವಾಚ್ ಮಾರಲು ಹೊರಡುವವರು ನಾವೊಬ್ಬರೇ ಅಲ್ಲ. ಕೊಳ್ಳಬೇಕಾದವರೂ ಆಗ ಕೈ ಬಿಗಿ ಹಿಡಿದಿರುತ್ತಾರೆ. 2022ರ ಆರಂಭದಲ್ಲಿ ಡೇಟೋನಾದ ಸೆಕೆಂಡ್ ಹ್ಯಾಂಡ್ ಬೆಲೆ ಶೋರೂಮ್ ಬೆಲೆಯನ್ನು ಎಷ್ಟೋ ಮೀರಿ, ಆಮೇಲೆ ಜಾರುತ್ತಾ ಬಂತು. ಶಿಖರದಲ್ಲಿ ಕೊಂಡವರನ್ನು ಕೇಳಿ, ಹೇಳುತ್ತಾರೆ. ಅಂಗಡಿಯವನು ಮಾರುವ ಬೆಲೆಗೂ ನಮ್ಮಿಂದ ಕೊಳ್ಳುವ ಬೆಲೆಗೂ ಇರುವ ಅಂತರವನ್ನು ಮರೆಯಬೇಡಿ. ಷೇರಿಗೆ ಸರ್ವಿಸ್ ಮಾಡಿಸಬೇಕಿಲ್ಲ. ಕ್ರೊನೊಗ್ರಾಫ್‌ಗೆ ಕೆಲವು ವರ್ಷಕ್ಕೊಮ್ಮೆ ಮಾಡಿಸಬೇಕು, ಅದೂ ಸಾದಾ ವಾಚಿಗಿಂತ ದುಬಾರಿ.

ಹಾಗಾದರೆ ಕೊಳ್ಳಲೇಬಾರದೇ? ಖಂಡಿತ ಕೊಳ್ಳಿ. ದುಡಿದ ದುಡ್ಡಿನಲ್ಲಿ ಇಷ್ಟದ ವಸ್ತು ಕೊಳ್ಳುವುದು ತಪ್ಪಲ್ಲ. ಆದರೆ ಸಾಲ ಮಾಡದೆ ಕೊಳ್ಳಿ. ಕೊಂಡ ಮೇಲೂ ಒಂದು ವರ್ಷದ ಮನೆ ಖರ್ಚು ಬ್ಯಾಂಕಿನಲ್ಲಿರಲಿ. ನಾಳೆ ಬೆಲೆ ಅರ್ಧವಾದರೂ ಸಂತೋಷದಿಂದ ಕಟ್ಟಿಕೊಳ್ಳುತ್ತೇನೆ ಎನ್ನುವ ವಾಚನ್ನೇ ಆರಿಸಿ. ಅದನ್ನು ಖರ್ಚಿನ ಪಟ್ಟಿಯಲ್ಲಿ ಬರೆಯಿರಿ, ಹೂಡಿಕೆಯ ಪಟ್ಟಿಯಲ್ಲಿ ಅಲ್ಲ.

ಮಿತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆಲೆ ಅರ್ಧ ಆದ್ರೆ ಕಟ್ಟೋಕೆ ಮನಸ್ಸು ಬರಲ್ಲ ಅಣ್ಣಾ’ ಎಂದ. ಅವನಿಗೆ ಬೇಕಿದ್ದದ್ದು ವಾಚ್ ಅಲ್ಲ, ಲಾಭ ಅಂತಾಯಿತು. ಲಾಭಕ್ಕೆ ಬೇರೆ ದಾರಿಗಳಿವೆ.