ಬಿಟ್ಟು ಬಂದವನಿಗೇ ಹೆಚ್ಚು ಅಪಾಯ!

ಮೆಡಿಕಲ್ ಷಾಪಿನ ಮೇಲೆ ದಾಳಿ, ಇಷ್ಟು ಸ್ಟ್ರಿಪ್ ವಶ, ಇಷ್ಟು ಹುಡುಗರು ಒಳಗೆ. ಬರೆದೂ ಬರೆದೂ ನಮಗೂ ಬೇಸರ, ಬಸ್ಸಲ್ಲಿ ನಿಂತು ಓದೋ ನಿಮಗೂ ಬೇಸರ. ಆದರೆ ಒಳಗೆ ಹೋದವನು ಒಂದು ದಿನ ಹೊರಗೆ ಬರುತ್ತಾನಲ್ಲ, ಆಮೇಲೇನು?

ನೋವಿನ ಮಾತ್ರೆಗಳೆಲ್ಲ ಒಂದೇ ಅಲ್ಲ. ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಬೇರೆ. ಟ್ರಮಡಾಲ್, ಟಪೆಂಟಡಾಲ್ ಇವು ಅಫೀಮಿನ ದಾರಿ ಹಿಡಿದವು. ಡಾಕ್ಟರು ಬರೆದರೆ ಮದ್ದು, ಚೀಟಿಯಿಲ್ಲದೆ ಕೈಗೆ ಬಂದರೆ ಬೇರೆಯೇ ಕಥೆ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತು ಕಾಯ್ದೆಗೆ ಸೇರಿಸಿದರು. ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ಜಾತಿಯ ಪದಾರ್ಥ ಬಳಸುತ್ತಾರೆ ಎಂದು 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಹೇಳಿತು.

ಮಿದುಳಿನಲ್ಲಿ ಡೋಪಮೈನ್ ಅಂತ ಒಂದು ರಾಸಾಯನಿಕ. ಹಸಿದಾಗ ಊಟ ಸಿಕ್ಕರೆ ‘ಇದು ಬೇಕಾದ್ದು, ನೆನಪಿಟ್ಟುಕೋ’ ಅಂತ ಮುದ್ರೆ ಒತ್ತೋದು ಅದೇ. ಅದನ್ನು ಸುರಿಸುವ ನರಕೋಶಗಳ ಮೇಲೆ ಸದಾ ಬ್ರೇಕ್ ಒತ್ತಿಕೊಂಡು ಕೂತ ಬೇರೆ ಕೋಶಗಳಿವೆ. ಈ ಮಾತ್ರೆ ಆಕ್ಸಿಲರೇಟರ್ ತುಳಿಯೋದಿಲ್ಲ ಸ್ವಾಮಿ, ಬ್ರೇಕಿನ ಮೇಲಿನ ಕಾಲನ್ನೇ ತೆಗೆಸುತ್ತದೆ. ಡೋಪಮೈನ್ ಇಳಿಜಾರಿನ ಬಸ್ಸಿನಂತೆ ನುಗ್ಗುತ್ತದೆ. ಊಟಕ್ಕೆ ಬೀಳಬೇಕಾದ ಮುದ್ರೆ ಮಾತ್ರೆಗೆ ಬಿತ್ತು. ಮುಂದೆ ಸ್ಟ್ರಿಪ್ಪಿನ ಚರಪರ ಸದ್ದು ಕೇಳಿದರೂ ಜೀವ ಎಳೆಯುತ್ತದೆ.

ದಿನಾ ತಗೊಂಡರೆ ಮಿದುಳು ಒಗ್ಗಿಕೊಳ್ಳುತ್ತದೆ. ಒಂದಿದ್ದದ್ದು ನಾಲ್ಕಾಗುತ್ತದೆ. ಆಮೇಲೆ ಸುಖಕ್ಕಲ್ಲ, ಎದ್ದು ಓಡಾಡೋದಕ್ಕೇ ಬೇಕು. ತಪ್ಪಿದ ದಿನ ಆಕಳಿಕೆ, ಮೂಗಲ್ಲಿ ಕಣ್ಣಲ್ಲಿ ನೀರು, ಮೈಯೆಲ್ಲ ಮುಳ್ಳೆದ್ದು ಚಳಿ, ಹೊಟ್ಟೆ ಕಿವುಚಿ ಭೇದಿ. ತಾಯಿ ನೆಗಡಿ ಅಂದುಕೊಂಡು ಕಷಾಯ ಕುದಿಸುತ್ತಾಳೆ.

ಈಗ ಜೈಲಿಂದ ಬಂದವನ ಮಾತು. ಬಿಟ್ಟ ಕೆಲವೇ ವಾರಗಳಲ್ಲಿ ನಾಲ್ಕನ್ನು ತಾಳುವ ಶಕ್ತಿ ಮೈಗೆ ಉಳಿಯೋದಿಲ್ಲ. ಆ ಮುದ್ರೆ ಮಾತ್ರ ಅಳಿಸೋದಿಲ್ಲ. ಹಳೇ ಗೆಳೆಯ, ಹಳೇ ಮೂಲೆ, ಹಳೇ ನಾಲ್ಕು! ಅಫೀಮು ಜಾತಿಯ ಮದ್ದು ಉಸಿರಾಟದ ಕೇಂದ್ರವನ್ನೂ ಮಂಕು ಮಾಡುತ್ತದೆ. ಜೊತೆಗೆ ಎಣ್ಣೆ ಬಿದ್ದರೆ ಕೇಳಲೇಬೇಡಿ. ಗೊರಕೆ ಹೊಡೀತಿದ್ದಾನೆ, ಮಲಗಲಿ ಬಿಡು ಅನ್ನುತ್ತಾರೆ ಮನೆಯವರು. ಅದು ನಿದ್ದೆಯಲ್ಲ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದರೆ ನಾಲಾಕ್ಸೋನ್ ಚುಚ್ಚುಮದ್ದು ಉಸಿರು ಮರಳಿಸಬಲ್ಲದು.

ಚಟಕ್ಕೂ ಚಿಕಿತ್ಸೆಯಿದೆ. ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ಕೇಂದ್ರವಿದೆ, 14446 ಉಚಿತ ಸಹಾಯವಾಣಿ ಇದೆ. ದಾಳಿಯ ದಿನ ಸ್ಟ್ರಿಪ್ ಜೋಡಿಸಿಟ್ಟು ಫೋಟೋಕ್ಕೆ ನಿಲ್ಲುವ ಸಾಹೇಬರು, ಜಾಮೀನಿನ ದಿನ ಈ ನಂಬರ್ ಬರೆದ ಚೀಟಿಯನ್ನು ಆ ತಾಯಿಯ ಕೈಗಿಟ್ಟರೆ ಇಲಾಖೆಗೆ ಎಷ್ಟು ಖರ್ಚಾದೀತು?